ಚಿಂಚೋಳಿ ಕಾಡಿಗೂ ಬೇಕು ಊರಿನದೇ ಗೈಡ್

ಮಾನ್ಯ ಸಂಪಾದಕರೇ,

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿಗೆ ಪ್ರವಾಸಿಗರು ಜಾಸ್ತಿ ಬರಬೇಕು, ಅದಕ್ಕೆ ರಸ್ತೆ, ಹೋಟೆಲು ಆಗಬೇಕು ಎಂಬ ಮಾತು ನಮ್ಮ ಕಡೆ ಆಗಾಗ ಕೇಳುತ್ತೇನೆ. ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಆಗಬೇಕು. ಕಾಡಿನ ಸುತ್ತಲಿನ ತಾಂಡಾ, ಹಳ್ಳಿಗಳ ಹುಡುಗ ಹುಡುಗಿಯರಿಗೆ ಸರಿಯಾದ ತರಬೇತಿ ಕೊಡಬೇಕು. ಪರೀಕ್ಷೆ ಮಾಡಿ, ಲೈಸೆನ್ಸ್ ಕೊಟ್ಟು, ಗೈಡ್ ಮಾಡಬೇಕು. ಆಮೇಲೆ ಅವರ ಜೊತೆಯಿಲ್ಲದೆ ಯಾವ ಪ್ರವಾಸಿಯನ್ನೂ ಒಳಗೆ ಬಿಡಬಾರದು. ಒಬ್ಬ ಗೈಡ್ ಏನು ಮಾಡಬಲ್ಲರು ಎಂಬುದನ್ನು ಗಲಾಪಗೋಸ್ ದ್ವೀಪಗಳಲ್ಲಿ ಎಂಟು ದಿನ ಹತ್ತಿರದಿಂದ ನೋಡಿ ಬಂದಿದ್ದೇನೆ, ಅದಕ್ಕೇ ಈ ಪತ್ರ.

ನಾನು ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದವಳು. ಹತ್ತನೇ ತರಗತಿಯ ಮಕ್ಕಳಿಗೆ ಜೀವವಿಕಾಸದ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ ಫಿಂಚ್ ಹಕ್ಕಿಗಳ ಕೊಕ್ಕು ಬರೆದು ತೋರಿಸುತ್ತಿದ್ದೆ. ಆ ಹಕ್ಕಿಗಳ ಊರಾದ ಗಲಾಪಗೋಸ್ ದ್ವೀಪಗಳ ಹೆಸರು ಹೇಳುವಾಗ ಪ್ರತಿ ಸಲವೂ ಅಲ್ಲಿಗೆ ಹೋಗುವ ಆಸೆ. ಆ ಆಸೆ ನನ್ನ ಮಗಳಿಗೆ ಗೊತ್ತಿತ್ತು. ಕೆಲಸ ಸಿಕ್ಕ ಮೇಲೆ ಐದು ವರ್ಷ ದುಡ್ಡು ಕೂಡಿಟ್ಟು, ನಾನು ನಿವೃತ್ತಳಾದ ಮೇಲೆ ಹೋದ ಅಕ್ಟೋಬರ್‌ನಲ್ಲಿ ಕರೆದುಕೊಂಡು ಹೋದಳು.

ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದ ದಂಡೆಯಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರ, ಪೆಸಿಫಿಕ್ ಸಾಗರದ ನಡುವೆ ಇವೆ ಈ ದ್ವೀಪಗಳು. ಎಲ್ಲವೂ ಜ್ವಾಲಾಮುಖಿಯಿಂದ ಹುಟ್ಟಿದವು. ಕೆಲವು ಈಗಲೂ ಉಗುಳುತ್ತವೆ. 2022ರಲ್ಲಿ ವುಲ್ಫ್ ಎಂಬ ಜ್ವಾಲಾಮುಖಿ, 2024ರಲ್ಲಿ ಫರ್ನಾಂಡಿನಾ ದ್ವೀಪದ್ದು ಸಿಡಿದಿದ್ದವು. 1959ರಲ್ಲೇ ಅಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಒಟ್ಟು ನೆಲದಲ್ಲಿ ನೂರಕ್ಕೆ 97 ಪಾಲು ಉದ್ಯಾನವೇ. ಉಳಿದ ಮೂರು ಪಾಲಿನಲ್ಲಿ ಸುಮಾರು 30 ಸಾವಿರ ಜನ ಬದುಕುತ್ತಾರೆ.

ತಪಾಸಣೆ ಇಕ್ವೆಡಾರ್ ರಾಜಧಾನಿ ಕ್ವಿಟೋದ ವಿಮಾನ ನಿಲ್ದಾಣದಿಂದಲೇ ಶುರು. ನನ್ನ ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಒಂದು ಪೊಟ್ಟಣ ಹಸಿ ಶೇಂಗಾ ಕಾಳು ಇದ್ದವು. ಕಾಳು ತೆಗೆದಿಟ್ಟರು. ಹಸಿ ಕಾಳು ಅಂದರೆ ಬೀಜ. ಅದು ಅಲ್ಲಿ ಎಲ್ಲಾದರೂ ಬಿದ್ದು ಮೊಳೆತರೆ? ಹೊರಗಿನ ಗಿಡ, ಹೊರಗಿನ ಹುಳ ಬಂದು ಅಲ್ಲಿನ ಜೀವಿಗಳನ್ನು ತಿಂದು ಹಾಕುವುದೇ ಆ ದ್ವೀಪಗಳ ದೊಡ್ಡ ಭಯ. ಬೇಸರವೇನೂ ಆಗಲಿಲ್ಲ, ಒಳ್ಳೆಯದೇ ಅನಿಸಿತು.

ನಮ್ಮದು 16 ಜನ ಹಿಡಿಯುವ ಸಣ್ಣ ಹಡಗು. ಅಲ್ಲಿನ ಕಾನೂನಿನ ಪ್ರಕಾರ ಒಬ್ಬ ಗೈಡ್ ಜೊತೆ 16ಕ್ಕಿಂತ ಜಾಸ್ತಿ ಪ್ರವಾಸಿಗರು ಇರುವ ಹಾಗಿಲ್ಲ. ನಮ್ಮ ಗೈಡ್ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಸಾಂತಾ ಕ್ರೂಜ್ ದ್ವೀಪದಲ್ಲೇ ಹುಟ್ಟಿದವರು, ತಂದೆ ಮೀನು ಹಿಡಿಯುತ್ತಿದ್ದರಂತೆ. ಮೊದಲ ಸಂಜೆಯೇ ಎಲ್ಲರ ಬೂಟು ತಿರುವಿ ನೋಡಿದರು. ನನ್ನ ಬೂಟಿನ ತಳದ ಸಂದಿಯಲ್ಲಿ ಕರಿ ಮಣ್ಣು ಒಣಗಿ ಕೂತಿತ್ತು. ಹೊರಡುವ ಮುಂಚಿನ ವಾರ ತಮ್ಮನ ತೊಗರಿ ಹೊಲಕ್ಕೆ ಹೋಗಿದ್ದೆ, ನಮ್ಮ ಎರೆ ಮಣ್ಣು ಹೇಗೆ ಅಂಟುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅವರು ಬ್ರಷ್ ಹಿಡಿದು ಕೂತು, ಒಂದೊಂದು ಗೆರೆಯಿಂದ ಆ ಮಣ್ಣು ಕೆದಕಿ ತೆಗೆದು, ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದರು. ಆಮೇಲೆ ಮಗಳ ಕೈಲಿ ಕೇಳಿಸಿದರು: "ಇದು ಎಲ್ಲಿಯ ಮಣ್ಣು? ಇಷ್ಟು ಕಪ್ಪು ಯಾಕೆ?" ಆಗ ನನಗೆ ಚುಟುಕಾಗಿ ಉತ್ತರ ಕೊಡಲು ಆಗಲಿಲ್ಲ. ಮುಂದೆ ಅವರೇ ಅದರ ಉತ್ತರ ತೋರಿಸಿದರು.

ಎಂಟು ದಿನ ಹೀಗೆ: ರಾತ್ರಿ ಹಡಗು ಸಾಗುತ್ತದೆ, ಬೆಳಗಾದರೆ ಹೊಸ ದ್ವೀಪ. ರಬ್ಬರ್ ದೋಣಿಯಲ್ಲಿ ದಂಡೆಗೆ. ಕಂಬ ನೆಟ್ಟು ಗುರುತು ಮಾಡಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಮುಂಚೆ ಇಲ್ಲ, ಸಂಜೆ ಆರರ ಮೇಲೆ ಇಲ್ಲ. ಪ್ರಾಣಿಯಿಂದ ಎರಡು ಮೀಟರ್ ದೂರ. ಫೋಟೊಗೆ ಫ್ಲಾಷ್ ಇಲ್ಲ. ಕಲ್ಲು, ಚಿಪ್ಪು, ಗರಿ ಏನೂ ಕಿಸೆಗೆ ಹಾಕುವ ಹಾಗಿಲ್ಲ. ಒಂದು ಹಡಗು ಒಂದು ಜಾಗಕ್ಕೆ ಹೋದರೆ 14 ದಿನದೊಳಗೆ ಮತ್ತೆ ಅಲ್ಲಿಗೆ ಬರುವಂತಿಲ್ಲ. ಯಾವ ಹಡಗು ಯಾವತ್ತು ಎಲ್ಲಿ ಅನ್ನುವುದನ್ನು ಉದ್ಯಾನದವರೇ ಗೊತ್ತು ಮಾಡುತ್ತಾರೆ.

ನಿಯಮ ಬರೆಯುವುದು ಸುಲಭ. ನಮ್ಮಲ್ಲೂ ಬೋರ್ಡುಗಳಿಗೆ ಬರವಿಲ್ಲ. ಆದರೆ ಆ ನಿಯಮ ನೆಲದ ಮೇಲೆ ಹೇಗೆ ನಡೆಯುತ್ತದೆ ಅನ್ನುವುದನ್ನು ಉತ್ತರ ಸೆಮೂರ್ ದ್ವೀಪದಲ್ಲಿ ಕಂಡೆ. ಕಾಲುದಾರಿಯ ನಟ್ಟನಡುವೆ ಒಂದು ನೀಲಿ ಕಾಲಿನ ಬೂಬಿ ಹಕ್ಕಿ ಕೂತಿತ್ತು. ಬಾತುಕೋಳಿಗಿಂತ ತುಸು ದೊಡ್ಡದು. ಗೂಡಿಲ್ಲ, ಕಡ್ಡಿಯಿಲ್ಲ. ಬರೀ ನೆಲ. ಸುತ್ತ ಅದರದೇ ಹಿಕ್ಕೆಯಿಂದ ಆದ ಒಂದು ಬಿಳಿ ಉಂಗುರ, ಅದೇ ಅದರ ಮನೆಯ ಗೋಡೆ. ಎದ್ದು ಸ್ವಲ್ಪ ಸರಿದಾಗ ಎರಡು ಮೊಟ್ಟೆ ಕಂಡವು. ಪಾದ ಅಂದರೆ ಅಚ್ಚ ನೀಲಿ, ನಮ್ಮ ಮನೆಗಳ ಗೋಡೆಗೆ ಹಚ್ಚುವ ನೀಲಿ ಸುಣ್ಣದ ಬಣ್ಣ. ಆ ಎರಡು ಪಾದಗಳನ್ನು ಮೊಟ್ಟೆಗಳ ಮೇಲೆ ಮೆಲ್ಲಗೆ ಊರಿ ಮತ್ತೆ ಕೂತಿತು. ಮೊಟ್ಟೆಗೆ ಕಾವು ಕೊಡುವುದು ಆ ಪಾದಗಳೇ. ನಮ್ಮ ಗುಂಪಿನ ಒಬ್ಬರು ಮೊಬೈಲ್ ಹಿಡಿದು ಮುಂದೆ ಬಾಗಿದರು. ಗೈಡ್ ಕೂಗಲಿಲ್ಲ. ಅವರ ಮುಂದೆ ಹೋಗಿ ನಿಂತು ಕೈ ಅಡ್ಡ ಮಾಡಿದರು, ಅಷ್ಟೇ. ಆಮೇಲೆ ನಮ್ಮ 16 ಜನರನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ, ಗುರುತು ಮಾಡಿದ ಇನ್ನೊಂದು ದಾರಿಯಿಂದ ಸುತ್ತಿ ಕರೆದೊಯ್ದರು. ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು. ಒಂದು ಹಕ್ಕಿ ಏಳಬಾರದೆಂದು ದುಡ್ಡು ಕೊಟ್ಟು ಬಂದ 16 ಜನ ಬಿಸಿಲಲ್ಲಿ ಸುತ್ತು ಹಾಕಿದೆವು. ಯಾರೂ ಗೊಣಗಲಿಲ್ಲ. ಯಾಕೆ ಅಂತ ಅವರು ಮೊದಲೇ ಬಿಡಿಸಿ ಹೇಳಿದ್ದರು: ಹಕ್ಕಿ ಎದ್ದು ಹೋದರೆ ಈ ಬಿಸಿಲಲ್ಲಿ ಮೊಟ್ಟೆ ಕೆಡುತ್ತದೆ.

ಫರ್ನಾಂಡಿನಾದಲ್ಲಿ ಕಡಲ ಇಗ್ವಾನಾಗಳು. ಜಗತ್ತಿನಲ್ಲಿ ಸಮುದ್ರಕ್ಕಿಳಿದು ಮೇಯುವ ಹಲ್ಲಿ ಜಾತಿ ಅಂದರೆ ಇದೊಂದೇ. ದೂರದಿಂದ ನೋಡಿದರೆ ಕರಿ ಬಂಡೆ, ಹತ್ತಿರ ಹೋದರೆ ಬಂಡೆಗೆ ಕಣ್ಣಿದೆ! ನಮ್ಮ ಉಡದಷ್ಟೇ ಇರುತ್ತವೆ. ಒಂದರ ಮೇಲೊಂದು ರಾಶಿ ಬಿದ್ದು ಬಿಸಿಲಿಗೆ ಮೈ ಕಾಯಿಸುತ್ತವೆ. ತಣ್ಣನೆಯ ನೀರಿನಲ್ಲಿ ಮುಳುಗಿ ಪಾಚಿ ತಿಂದು ಬರುತ್ತವಲ್ಲ, ಮೈ ಬಿಸಿ ಆಗಬೇಕು. ಹೊಟ್ಟೆಗೆ ಹೋದ ಉಪ್ಪನ್ನು ಮೂಗಿನಿಂದ ಫಸ್ ಎಂದು ಸೀನಿ ಹೊರಹಾಕುತ್ತವೆ. ಆ ಉಪ್ಪು ಅವುಗಳ ತಲೆಯ ಮೇಲೇ ಬಿದ್ದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ನಮ್ಮ ಕಾಲ ಹತ್ತಿರವೇ ಒಂದು ಮಲಗಿತ್ತು. ನಮಗೆ ಹೆದರಲಿಲ್ಲ, ಕಣ್ಣೂ ತೆರೆಯಲಿಲ್ಲ.

ಅಲ್ಲಿ ನಿಂತಾಗ ನನಗೆ ನಮ್ಮ ಉಡವೇ ನೆನಪಾಯಿತು. ಕೆಲವು ವರ್ಷದ ಹಿಂದೆ ನಮ್ಮ ಭಾಗದ ಒಂದು ಕೆರೆ ದಂಡೆಗೆ ನೆಂಟರ ಜೊತೆ ಹೋಗಿದ್ದೆ. ಪಿಕ್ನಿಕ್ಕಿಗೆ ಬಂದ ಒಂದು ಗುಂಪು ಜೋರಾಗಿ ಹಾಡು ಹಾಕಿತ್ತು. ಪೊದೆಯಿಂದ ಒಂದು ಉಡ ಹೊರಬಂತು. ನಾಲ್ಕು ಹುಡುಗರು ಕಲ್ಲು ಹಿಡಿದು ಓಡಿದರು. ಬೇಡ್ರಪ್ಪ ಅಂತ ನಾನು ಕೂಗಿದೆ, ಹಾಡಿನಲ್ಲಿ ನನ್ನ ದನಿ ಯಾರಿಗೂ ಕೇಳಲಿಲ್ಲ. ಸಾಯಲಿಲ್ಲ, ಸೊಂಟಕ್ಕೆ ಪೆಟ್ಟು ತಿಂದು ಹಿಂಗಾಲು ಎಳೆಯುತ್ತಾ ಪೊದೆ ಸೇರಿತು. ವನ್ಯಜೀವಿ ಕಾನೂನಿನಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಉಡಕ್ಕೂ ಇದೆ. ಆ ಹುಡುಗರಿಗೆ ಅದು ಗೊತ್ತಿರಲಿಲ್ಲ. ಅವರು ಕೆಟ್ಟವರು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಅವರ ಮುಂದೆ ಬಂದು ಕೈ ಅಡ್ಡ ಹಿಡಿಯುವವರು ಯಾರೂ ಅಲ್ಲಿ ಇರಲಿಲ್ಲ.

ಇನ್ನು ಆ ಕರಿ ಮಣ್ಣಿನ ವಿಷಯ. ಸಾಂಟಿಯಾಗೊ ದ್ವೀಪದ ಸಲ್ಲಿವನ್ ಕೊಲ್ಲಿಯಲ್ಲಿ ನೂರು ವರ್ಷಕ್ಕೆ ಸ್ವಲ್ಪ ಜಾಸ್ತಿ ಹಳೆಯ ಲಾವಾ ಹಾಸಿದೆ. ಹರಿಯುತ್ತಾ ಹರಿಯುತ್ತಾ ಗಟ್ಟಿಯಾದದ್ದು. ಹಗ್ಗ ಹೊಸೆದ ಹಾಗೆ ಸುರುಳಿ ಸುರುಳಿ, ಎಲ್ಲೆಲ್ಲೂ ಕಪ್ಪು. ಒಂದು ಹುಲ್ಲುಕಡ್ಡಿ ಕಾಣಬೇಕಾದರೂ ಹುಡುಕಬೇಕು. ಬಿರುಕಿನಲ್ಲಿ ಅಲ್ಲೊಂದು ಇಲ್ಲೊಂದು ಬೆರಳುದ್ದದ ಕಳ್ಳಿ. ಗೈಡ್ ನನ್ನನ್ನು ಪಕ್ಕಕ್ಕೆ ಕೂರಿಸಿ ಕಲ್ಲಿನ ಮೇಲಿನ ಸಣ್ಣ ಸಣ್ಣ ತೂತು ತೋರಿಸಿದರು. ಲಾವಾ ಕುದಿಯುವಾಗ ಒಳಗಿದ್ದ ಅನಿಲದ ಗುಳ್ಳೆಗಳು ಅವು. "ನಿಮ್ಮ ಬೂಟಿನ ಮಣ್ಣು ಒಂದು ಕಾಲಕ್ಕೆ ಇದೇ ಆಗಿತ್ತು" ಎಂದರು.

ಹೌದಲ್ಲ! ನಮ್ಮ ಊರಲ್ಲಿ ಬಾವಿ ತೋಡಿದಾಗ ಬರುವ ಕರಿಕಲ್ಲಿನಲ್ಲೂ ಇವೇ ತೂತುಗಳು. ನಮ್ಮವು ಖಾಲಿ ಇಲ್ಲ, ಒಳಗೆ ಬಿಳಿ ಹರಳು ತುಂಬಿದೆ, ಅಷ್ಟೇ ವ್ಯತ್ಯಾಸ. ನೀರು ಇಳಿದು ಇಳಿದು ಬೆಳೆದ ಹರಳು. ಚಿಕ್ಕವರಿದ್ದಾಗ ನಾವು ಅವನ್ನು ಆರಿಸಿ ಚೌಕಾಬಾರ ಆಡುತ್ತಿದ್ದೆವು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನಿನ ಮೇಲೆ ಹೀಗೇ ಲಾವಾ ಹರಿದಿತ್ತು, ಪದರದ ಮೇಲೆ ಪದರ. ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿರುವ ಬಿಸಿ ತಾಣದ, ಅಂದರೆ ಭೂಮಿಯ ಆಳದಿಂದ ಲಾವಾ ಉಕ್ಕುವ ಜಾಗದ ಮೇಲೆ ಆಗ ನಮ್ಮ ನೆಲ ಇತ್ತು. ಆಮೇಲೆ ಉತ್ತರಕ್ಕೆ ಸರಿಯಿತು. ಗಲಾಪಗೋಸ್‌ನ ಕೆಳಗೂ ಅಂಥದೇ ಬಿಸಿ ತಾಣ. ಅಲ್ಲಿನ ನೆಲ ಪೂರ್ವದ ಕಡೆ ಸರಿಯುತ್ತಿದೆ. ಅದಕ್ಕೇ ಪೂರ್ವದ ದ್ವೀಪಗಳು ಮುದುಕರು, ಪಶ್ಚಿಮದ ಫರ್ನಾಂಡಿನಾ ಇನ್ನೂ ಕೂಸು. ನಮ್ಮ ಲಾವಾ ಸವೆದು ಎರೆ ಭೂಮಿಯಾಯಿತು, ತೊಗರಿ ಕೊಟ್ಟಿತು. ಬೀದರ ಕೋಟೆಯ ಕೆಂಪು ಕಲ್ಲೂ ಅದೇ ಕರಿಕಲ್ಲು ಮಳೆ ಬಿಸಿಲಿಗೆ ಕೊಳೆತು ಆದದ್ದು. ಇದೆಲ್ಲ ನನಗೆ ಬಿಡಿ ಬಿಡಿಯಾಗಿ ಗೊತ್ತಿತ್ತು. ಆದರೆ ನನ್ನ ಬೂಟಿನ ಮಣ್ಣಿನಿಂದ ಹಿಡಿದು ಅಲ್ಲಿನ ಬಂಡೆಯವರೆಗೆ ಒಂದೇ ದಾರದಲ್ಲಿ ಪೋಣಿಸಿಕೊಟ್ಟವರು ಆ ಮೀನುಗಾರನ ಮಗಳು.

ನನ್ನ ಫಿಂಚ್ ಹಕ್ಕಿಗಳ ಪಾಠವನ್ನೂ ಅವರಿಂದ ತಿದ್ದಿಕೊಂಡೆ. 1835ರ ಸೆಪ್ಟೆಂಬರ್‌ನಲ್ಲಿ ಜೀವವಿಕಾಸದ ಸಿದ್ಧಾಂತದ ಡಾರ್ವಿನ್ ಅಲ್ಲಿಗೆ ಬಂದಾಗ ವಯಸ್ಸು ಬರೀ 26. ದ್ವೀಪದಿಂದ ದ್ವೀಪಕ್ಕೆ ವ್ಯತ್ಯಾಸ ಇದೆ ಎಂದು ಅವನ ಕಣ್ಣಿಗೆ ಮೊದಲು ಬಿದ್ದದ್ದು ಫಿಂಚ್‌ಗಳಲ್ಲಿ ಅಲ್ಲವಂತೆ, ಮಾಕಿಂಗ್‌ಬರ್ಡ್ ಎಂಬ ಇನ್ನೊಂದು ಹಕ್ಕಿಯಲ್ಲಿ. ಯಾವ ಫಿಂಚ್ ಯಾವ ದ್ವೀಪದ್ದು ಅಂತ ಅವನು ಸರಿಯಾಗಿ ಬರೆದಿಟ್ಟುಕೊಂಡಿರಲಿಲ್ಲ. ಲಂಡನ್ನಿಗೆ ಮರಳಿದ ಮೇಲೆ 1837ರಲ್ಲಿ ಜಾನ್ ಗೋಲ್ಡ್ ಎಂಬ ಪಕ್ಷಿತಜ್ಞರು ನೋಡಿ, ಇವೆಲ್ಲ ಒಂದೇ ಬಳಗದ ಬೇರೆ ಬೇರೆ ಜಾತಿ ಎಂದು ಹೇಳಿದರು. ಈಗ ಪಾಠ ಮಾಡುತ್ತಿರುವ ನನ್ನ ಶಿಕ್ಷಕ ಮಿತ್ರರು ದಯವಿಟ್ಟು ಮಕ್ಕಳಿಗೆ ಹೀಗೆ ಹೇಳಿ.

ಅಲ್ಲಿ ಎಲ್ಲವೂ ಸುಖವಾಗಿದೆ ಅಂತ ನಾನು ಹೇಳುತ್ತಿಲ್ಲ. ಪ್ರವಾಸಿಗರು ಜಾಸ್ತಿ ಆಗಿ, ಹೊರಗಿನ ಜೀವಿಗಳು ಸೇರಿ, 2007ರಿಂದ 2010ರವರೆಗೆ ಯುನೆಸ್ಕೊ ಈ ದ್ವೀಪಗಳನ್ನು ಅಪಾಯದ ಪಟ್ಟಿಯಲ್ಲಿ ಇಟ್ಟಿತ್ತು. ವಿದೇಶಿಯರ ಪ್ರವೇಶ ಶುಲ್ಕ 2024ರ ಆಗಸ್ಟ್‌ನಲ್ಲಿ ನೂರು ಡಾಲರಿನಿಂದ ಇನ್ನೂರಕ್ಕೆ ಏರಿತು. ಪಿಂಟಾ ದ್ವೀಪದ ಆಮೆಗಳ ಕೊನೆಯ ಕುಡಿ, ಒಂಟಿ ಜಾರ್ಜ್ ಎಂದು ಹೆಸರಾದದ್ದು, 2012ರಲ್ಲಿ ಸತ್ತುಹೋಯಿತು. ಅದರ ಮೈಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಕತ್ತು ನೀಡಿ ನಿಂತಿದೆ. ಅದರ ಮುಂದೆ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಆಡಿನ ಕಥೆ ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹಳೆಯ ಕಾಲದಲ್ಲಿ ಹಡಗಿನವರು ಮಾಂಸಕ್ಕೆಂದು ಬಿಟ್ಟು ಹೋದ ಆಡುಗಳು ಹೆಚ್ಚಿ, ಆಮೆಗಳ ಮೇವನ್ನೆಲ್ಲ ಬೋಳಿಸಿದ್ದವು. 1997ರಿಂದ 2006ರ ಒಳಗೆ ಇಸಾಬೆಲಾ, ಸಾಂಟಿಯಾಗೊ ದ್ವೀಪಗಳಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಆಡುಗಳನ್ನು ಕೊಂದರು. ಆಡು ಸಾಕಿದ ಮನೆಯಲ್ಲಿ ಬೆಳೆದವಳು ನಾನು. ಅದು ಸರಿಯೇ ಅಂತ ಗೈಡ್ ಅವರನ್ನು ಕೇಳಿದೆ. ಅವರು ಸಮರ್ಥನೆಗೆ ಇಳಿಯಲಿಲ್ಲ. ಎಸ್ಪನೋಲಾ ದ್ವೀಪದ ಲೆಕ್ಕ ಹೇಳಿದರು. 1960ರ ದಶಕದಲ್ಲಿ ಅಲ್ಲಿ ಉಳಿದಿದ್ದ ಆಮೆಗಳು ಹದಿನಾಲ್ಕೇ. ಅವನ್ನು ತಂದು ಮರಿ ಮಾಡಿಸಿ, ಆಡುಗಳನ್ನೂ ತೆಗೆದು, ಮರಿಗಳನ್ನು ದ್ವೀಪಕ್ಕೆ ಬಿಟ್ಟು, ಈಗ ಎರಡು ಸಾವಿರಕ್ಕೂ ಜಾಸ್ತಿ ಇವೆ. ಸಂಕಟ ಪೂರ್ತಿ ಹೋಗಲಿಲ್ಲ. ಆದರೆ ಕಥೆಯ ಎರಡೂ ಬದಿ ತಿಳಿಯಿತು.

ನಮ್ಮ ಚಿಂಚೋಳಿಗೆ ನೇರ ಸಂಬಂಧಪಟ್ಟ ಮಾತು ಈಗ ಬರುತ್ತದೆ. 1990ರ ದಶಕದಲ್ಲಿ ಅಲ್ಲಿನ ಮೀನುಗಾರರಿಗೂ ಉದ್ಯಾನದವರಿಗೂ ದೊಡ್ಡ ಜಗಳ. ಕಡಲ ಸೌತೆ ಎಂಬ ಜೀವಿಯನ್ನು ಹಿಡಿಯಬೇಡಿ ಅಂದದ್ದಕ್ಕೆ 1995ರಲ್ಲಿ ಅವರು ಡಾರ್ವಿನ್ ಹೆಸರಿನ ಸಂಶೋಧನಾ ಕೇಂದ್ರಕ್ಕೇ ಮುತ್ತಿಗೆ ಹಾಕಿದ್ದರು. ಹೊಟ್ಟೆಯ ಪ್ರಶ್ನೆ, ಸಿಟ್ಟು ಬರದೆ ಇರುತ್ತದೆಯೇ? 1998ರಲ್ಲಿ ವಿಶೇಷ ಕಾನೂನು ಬಂತು. ಹೊರಗಿನವರು ಬಂದು ನೆಲೆಸುವುದಕ್ಕೆ ಕಡಿವಾಣ ಬಿತ್ತು, ಕೆಲಸಗಳಲ್ಲಿ ದ್ವೀಪದವರಿಗೆ ಮೊದಲ ಹಕ್ಕು ಸಿಕ್ಕಿತು. ಗೈಡ್ ಕೆಲಸ ಸಾಮಾನ್ಯವಾಗಿ ಅಲ್ಲಿನ ಕಾಯಂ ನಿವಾಸಿಗಳಿಗೇ. ಉದ್ಯಾನದವರೇ ತರಬೇತಿ ಕೊಟ್ಟು ಲೈಸೆನ್ಸ್ ಕೊಡುತ್ತಾರೆ. ನಮ್ಮ ಗೈಡ್ ಅವರ ತಂದೆ ಬಲೆ ಹಿಡಿದರು, ಮಗಳು ಪಾಠ ಹೇಳುತ್ತಾರೆ. ಸಂಸಾರ ನಡೆಯುತ್ತಿರುವುದು ಅದೇ ಸಮುದ್ರದಿಂದ.

ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯ ಆಯಿತು. ಸುಮಾರು 135 ಚದರ ಕಿಲೋಮೀಟರ್. ನಮ್ಮ ಒಣ ಬಯಲುಸೀಮೆಯಲ್ಲಿ ಇಂಥ ಕಾಡು ಉಳಿದದ್ದೇ ಪುಣ್ಯ. ಆದರೆ ಅಭಯಾರಣ್ಯ ಎಂಬ ಮಾತು ಕಿವಿಗೆ ಬಿದ್ದರೆ ತಾಂಡಾದವರ ಎದೆ ಢವಢವ ಅನ್ನುತ್ತದೆ. ಇನ್ನೇನು ಕಿತ್ತುಕೊಳ್ಳುತ್ತಾರೋ, ಎಲ್ಲಿಗೆ ಎಬ್ಬಿಸುತ್ತಾರೋ ಎಂಬ ಅಂಜಿಕೆ. ದೀಪಾವಳಿ ಮುಗಿದರೆ ಎಷ್ಟೋ ಮನೆಗೆ ಬೀಗ, ಮುಂಬೈಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ.

ಗಲಾಪಗೋಸ್‌ನಿಂದ ಬಂದ ಮೇಲೆ ಡಿಸೆಂಬರ್‌ನಲ್ಲಿ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಕಡೆ ಹೋಗಿದ್ದೆ. ತಾಂಡಾದ ಒಬ್ಬ ಹುಡುಗ ಜೊತೆಗೆ ಬಂದ. ಪಿಯುಸಿ ಓದುತ್ತಿದ್ದಾನೆ. ದಾರಿ ಬದಿಯ ಹಸಿ ಮಣ್ಣಿನಲ್ಲಿ ಹೆಜ್ಜೆ ಗುರುತು ಇದ್ದವು. ನಾನು ನಾಯಿಯದು ಅಂದುಕೊಂಡೆ. ಅವನು ಕುಕ್ಕರುಗಾಲಲ್ಲಿ ಕೂತ. "ಅಕ್ಕೋರೆ, ಇದು ನಾಯಿ ಅಲ್ರಿ, ತೋಳದ ಹೆಜ್ಜಿ ಅದ. ನಾಯಿ ಅತ್ಲಾಗ ಇತ್ಲಾಗ ಮೂಸಕೋತ ಹೋಗ್ತದ. ತೋಳ ಒಂದೇ ಗೆರಿ ಹಿಡದು ಹೋಗ್ತದ ನೋಡ್ರಿ" ಎಂದ. ಬೆರಳಿಂದ ಗೆರೆ ಎಳೆದು ತೋರಿಸಿದ. ನಿಜ, ಒಂದರ ಹಿಂದೊಂದು, ದಾರ ಹಿಡಿದ ಹಾಗೆ ಪೊದೆಯವರೆಗೆ ಹೋಗಿದ್ದವು. ಯಾರು ಕಲಿಸಿದರು ಅಂದರೆ "ಕುರಿ ಕಾಯ್ತಿದ್ನಲ್ರಿ" ಅಂದ. ಲಂಬಾಣಿ, ಕನ್ನಡ, ತೆಲುಗು ಮೂರೂ ಮಾತಾಡುತ್ತಾನೆ, ಹಿಂದಿಯೂ ಬರುತ್ತದೆ. ಪರೀಕ್ಷೆ ಮುಗಿದರೆ ಪುಣೆಗೆ ಕೆಲಸಕ್ಕೆ ಹೋಗುತ್ತಾನಂತೆ, ಅಣ್ಣ ಅಲ್ಲೇ ಇದ್ದಾನಂತೆ. ಆ ಮಾತು ಕೇಳಿ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಇಂಥ ಹುಡುಗ ಪುಣೆಯಲ್ಲಿ ಸಿಮೆಂಟ್ ಹೊರಬೇಕೇ?

ಆದ್ದರಿಂದ ನನ್ನ ಬೇಡಿಕೆ. ಅರಣ್ಯ ಇಲಾಖೆ ಮೊದಲ ವರ್ಷ ಇಪ್ಪತ್ತು ಜನರನ್ನು ಆರಿಸಲಿ, ಅರ್ಧದಷ್ಟು ಹುಡುಗಿಯರಿರಲಿ. ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಅಧ್ಯಾಪಕರು ಪಾಠ ಮಾಡಲಿ. ತಾಂಡಾದ ಹಿರಿಯರು ಕಾಡಿನ ಗಿಡಮೂಲಿಕೆ, ಹೆಜ್ಜೆ ಗುರುತು ಕಲಿಸಲಿ, ಅವರಿಗೂ ಸಂಭಾವನೆ ಇರಲಿ. ಹಣಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಒಂದು ಕಟ್ಟಡಕ್ಕೆ ಆಗುವ ಖರ್ಚಿನಲ್ಲಿ ಈ ಕೆಲಸ ವರ್ಷಗಟ್ಟಲೆ ನಡೆಯುತ್ತದೆ ಎಂದು ನನ್ನ ನಂಬಿಕೆ. ಪ್ರವಾಸಿ ಕೊಡುವ ಗೈಡ್ ಶುಲ್ಕ ನೇರವಾಗಿ ಗೈಡ್ ಕೈಗೆ ಹೋಗಬೇಕು, ನಡುವೆ ಯಾರೂ ಬೇಡ. ಮುಖ್ಯವಾಗಿ, ಸಾಕು ಹಿಂದೆ ನಡೀರಿ ಅಂತ ಗೈಡ್ ಹೇಳಿದರೆ ಎಂಥ ದೊಡ್ಡ ಮನುಷ್ಯನೇ ಆಗಲಿ ಹಿಂದೆ ನಡೆಯಬೇಕು. ಆ ಅಧಿಕಾರವನ್ನು ಬರಹದಲ್ಲಿ ಕೊಡಬೇಕು. ಇಲ್ಲದಿದ್ದರೆ ಸುಮ್ನೆ ಟೋಪಿ ಹಾಕಿಸಿ ನಿಲ್ಲಿಸಿದ ಹಾಗೆ ಆಗುತ್ತದೆ.

ಇದು ಚಿಂಚೋಳಿಯಲ್ಲಿ ನೆಟ್ಟಗೆ ನಡೆದರೆ ಸುರಪುರದ ಬೋನಾಳ ಕೆರೆಯ ಹಕ್ಕಿಗಳಿಗೂ, ಬೀದರಿನ ಕೃಷ್ಣಮೃಗಗಳಿಗೂ ಇದೇ ದಾರಿ ಆಗಬಹುದು.

ಭೂವಿಜ್ಞಾನದ ಪಾಠವನ್ನು ನಾನು ಪುಕ್ಕಟೆ ಮಾಡುತ್ತೇನೆ. ಯಾವ ಭಾನುವಾರ ಕರೆದರೂ ಬಸ್ಸು ಹತ್ತಿ ಬರುತ್ತೇನೆ. ನಮ್ಮ ಊರ ಬಾವಿಯಿಂದ ಬಂದ ಕರಿಕಲ್ಲು, ಬಿಳಿ ಹರಳು ತುಂಬಿದ್ದು, ಮನೆಯಲ್ಲೇ ಇದೆ. ಅದನ್ನೂ ತರುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಕಲಬುರಗಿ